ಮಾತ್ರೆ ಪುಕ್ಕಟೆ, ಊಟ?

ಅಂಗಡಿಯವರು ಕಾಲು ಕಿಲೋ ಬೇಳೆಯನ್ನೂ ತೂಗಿಯೇ ಕೊಡ್ತಾರೆ. ಕ್ಷಯರೋಗಿಯನ್ನು ತಿಂಗಳು ತಿಂಗಳು ತೂಗುವವರು ಯಾರು ಸ್ವಾಮಿ? ಅಂಗಿ ಸಡಿಲವಾದರೆ ‘ಕಾಯಿಲೆ ಅಲ್ವಾ’ ಅಂತ ಸುಮ್ಮನಾಗ್ತೀವಿ. ಹೊಟ್ಟೆಗಿಲ್ಲದ ಗುರುತೂ ಅದೇ.

2019ರಿಂದ 2022ರವರೆಗೆ ಜಾರ್ಖಂಡ್‌ನಲ್ಲಿ ಕ್ಷಯರೋಗಿಗಳಿಗೆ ಮಾತ್ರೆಯ ಜೊತೆ ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ ಕೊಟ್ಟು ನೋಡಿದರು. ಮುಂದೆ ನಿಂತವರು ಮಂಗಳೂರಿನ ವೈದ್ಯ ಅನುರಾಗ್ ಭಾರ್ಗವ. ಮೊದಲ 2 ತಿಂಗಳಲ್ಲಿ ತೂಕ ಏರಿದವರಲ್ಲಿ ಸಾವು ಕಡಿಮೆ ಎಂದು ಕಂಡಿತು.

ರೋಗಿಯ ಆಹಾರಕ್ಕೆಂದು ಸರಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ 1,000. ಒಳ್ಳೇದೇ. ಆದರೆ ತೂಗದಿದ್ದರೆ ಅದು ಮೈಗೆ ಹತ್ತಿತೋ ಇಲ್ಲವೋ ತಿಳಿಯೋದು ಹೇಗೆ?

ಮಾತ್ರೆ ಕೊಡುವ ಮೇಜಿನ ಪಕ್ಕದಲ್ಲೇ ತೂಕದ ಯಂತ್ರ ಇರಲಿ. ತೂಕ ಚೀಟಿಯಲ್ಲಿ ಬರೆಯಲಿ. ಇಳಿದಿದ್ದರೆ ಡಾಕ್ಟರು ಮೊದಲು ಕೇಳಬೇಕಾದ್ದು: ‘ಮನೇಲಿ ಊಟಕ್ಕೇನಿದೆ?’