ಬಚ್ಚಲ ಕಟ್ಟಿದರೆ ಯಾರ ಕೈ?

“ಬಚ್ಚಲ ಮತ್ತ ಕಟ್ಟೇತ್ರಿ!” ಸವಣೂರಿನ ಮನೆಗಳಲ್ಲಿ ಈ ಕೂಗು ಹೊಸದಲ್ಲ. ಬೆನ್ನಿಗೇ ಇನ್ನೊಂದು ಮಾತು: “ಯಾರನ್ನರ ಕರೀರಿ, ತಗಸೂಣು.”

ಈ ‘ಯಾರನ್ನರ’ ಅಂದರೆ ಯಾರು, ಸ್ವಾಮಿ? 2010ರ ಜುಲೈಯಲ್ಲಿ ಇದೇ ಊರಿನ ಪುರಸಭೆ ಎದುರು, ತಲೆಮಾರುಗಳಿಂದ ಊರಿನ ಮಲ ಹೊತ್ತವರು, ಮನೆ ಬಿಡಿಸುವ ಕ್ರಮ ವಿರೋಧಿಸಿ ಮಲವನ್ನೇ ಮೈಗೆ ಸುರಿದುಕೊಂಡರು. ಅದನ್ನು ಮರೆತೆವೇನು? 2013ರ ಕೇಂದ್ರ ಕಾಯ್ದೆ ಪ್ರಕಾರ ರಕ್ಷಣಾ ಸಾಧನ ಕೊಡದೆ ಶೌಚದ ಗುಂಡಿಗೆ ಮನುಷ್ಯನನ್ನು ಇಳಿಸಿದವರಿಗೆ 2 ವರ್ಷದವರೆಗೆ ಸಜೆ, 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಳಿಸಿದಾತ ಮನೆ ಯಜಮಾನನಾದರೂ ಬಿಡುಗಡೆಯಿಲ್ಲ.

ಬಚ್ಚಲ ಕಟ್ಟುವುದಾದರೂ ಹ್ಯಾಗೆ? ಖಾರಾ, ಮಿರ್ಚಿ ಕರಿದ ಎಣ್ಣೆ ಬಿಸಿ ಇದ್ದಾಗ ನೀರಿನಂಗ ಹರೀತದ. ಪೈಪಿನೊಳಗೆ ತಣ್ಣಗಾಗಿ ಜಿಡ್ಡು ಅಂಟುತ್ತದೆ. ಅದಕ್ಕೆ ಚಹಾಪುಡಿ, ಅನ್ನದ ಅಗಳು, ತಲೆಗೂದಲು ಹತ್ತಿದರೆ ಮುಗೀತು. ಕಡ್ಡಿ ಹಾಕಿ ತಳ್ಳಿದರೆ ತೂತು ಬೀಳುತ್ತದೆ, ಜಿಡ್ಡು ಅಲ್ಲೇ ಉಳಿಯುತ್ತದೆ. ಅದಕ್ಕೇ ತಿಂಗಳೊಪ್ಪತ್ತಿನಲ್ಲಿ ಮತ್ತದೇ ಹಾಡು.

ಬಚ್ಚಲ ಬಾಯಿಗೆ ಜಾಳಿಗೆ ಹಾಕಿರಿ. ಎಣ್ಣೆಯ ಪಾತ್ರೆ ಕಾಗದದಿಂದ ಒರೆಸಿ ತೊಳೆಯಿರಿ. ಅಂಗಡಿಕಾರರೇ, ಮುಂಜಾನೆ ಗುಡಿಸಿದ ಕಸವನ್ನು ಎದುರಿನ ಗಟಾರಕ್ಕೆ ನೂಕಬೇಡಿರಿ. ಪ್ಲಾಸ್ಟಿಕ್ ಚೀಲಕ್ಕಂತೂ 2016ರಿಂದಲೇ ರಾಜ್ಯದಲ್ಲಿ ನಿಷೇಧ. ಗುಂಡಿ ತುಂಬಿದರೆ ಹೀರುವ ಯಂತ್ರದ ಗಾಡಿ ತರಿಸಿರಿ, ಮನುಷ್ಯನನ್ನಲ್ಲ.

ಜಾಳಿಗೆಯ ಕಸ ತೆಗೆಯಲು ನಮ್ಮ ಕೈಗೆ ಹೇಸಿಗೆಯೇ? ಹಾಗಾದರೆ ಇನ್ನೊಬ್ಬರ ಕೈಗೂ ಅಷ್ಟೇ ಹೇಸಿಗೆ.