ಪ್ರೀತಿಗೆ ಬಾಡಿಗೆ ಕಟ್ಟುವವರಾರು?

ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಸ್ಟ್ಯಾನ್ಲಿ ಮ್ಯಾಥ್ಯೂಸ್ 50 ತುಂಬಿದ ಮೇಲೂ ಲೀಗ್ ಪಂದ್ಯ ಆಡಿದ್ದು ದುಡ್ಡಿಗಲ್ಲ, ಚೆಂಡಿನ ಮೇಲಿನ ಪ್ರೀತಿಗೆ. ನೌಕರರೂ ಹಾಗೇ ದುಡಿಯಲಿ ಎನ್ನುತ್ತಾರೆ ಅವರ ಬಗ್ಗೆ ಬರೆದ ಲೇಖಕರೊಬ್ಬರು. ಅರ್ಧ ನಿಜ. ಮದ್ಯ ಮುಟ್ಟದೆ, ಬೆಳಗಾದರೆ ಕಸರತ್ತಿಗಿಳಿಯುತ್ತಿದ್ದ ಮ್ಯಾಥ್ಯೂಸ್‌ರ ಆ ಛಲವನ್ನು ಯಾವ ಸಂಬಳವೂ ಕೊಳ್ಳಲಾರದು, ಒಪ್ಪಿದೆ. ಆದರೆ ಉಳಿದರ್ಧವನ್ನು ಲೇಖಕರು ನುಂಗಿದ್ದೇಕೆ? ಮ್ಯಾಥ್ಯೂಸ್ ಆಡಿದ ಬಹುಪಾಲು ಕಾಲ ಇಂಗ್ಲೆಂಡಿನ ಆಟಗಾರರ ವೇತನಕ್ಕೆ ಮಿತಿಯಿತ್ತು. 1961ರಲ್ಲಿ ಅದು ರದ್ದಾಗುವ ಹೊತ್ತಿಗೂ ವಾರಕ್ಕೆ ಬರೀ 20 ಪೌಂಡ್. ಮ್ಯಾಥ್ಯೂಸ್‌ರನ್ನು ನೋಡಲು ಜನ ಮುಗಿಬೀಳುತ್ತಿದ್ದರು, ಟಿಕೆಟ್ ಹಣ ಕ್ಲಬ್ಬಿನ ತಿಜೋರಿಗೆ! ಮಿತಿ ತೊಲಗಿದ್ದು ಮಾಲೀಕರ ಮನ ಕರಗಿಯಲ್ಲ. ಜಿಮ್ಮಿ ಹಿಲ್ ಮುಂದಾಳತ್ವದ ಆಟಗಾರರ ಸಂಘ ಮುಷ್ಕರಕ್ಕೆ ಸಜ್ಜಾದದ್ದರಿಂದ. ಆ ಆಟಗಾರರಿಗೇನು ಆಟದ ಮೇಲೆ ಪ್ರೀತಿ ಕಡಿಮೆಯಿತ್ತೇ?