ಕೌನ್ಸಿಲ್ಲಿನ ಕಾಗದ, ಮಹಾಡದ ನೀರು



‘ಈ ವಿಷಯ ಸಭೆಯಲ್ಲಿ ಪ್ರಸ್ತಾಪವಾಯಿತು’ ಅಂತ ಪೇಪರಿನಲ್ಲಿ ಓದಿದ ಕೂಡಲೆ ನಮ್ಮ ಹುಡುಗರಲ್ಲಿ ಅರ್ಧ ಜನ ಚಪ್ಪಾಳೆ ಹೊಡೀತಾರೆ. ಉಳಿದರ್ಧ ಜನ ‘ಅದೆಲ್ಲ ಬೂಟಾಟಿಕೆ ಕಣಯ್ಯ’ ಅಂತ ಎದ್ದು ಹೋಗ್ತಾರೆ. ಇಬ್ಬರೂ ಕೇಳದೆ ಬಿಡುವ ಮಾತು ಒಂದಿದೆ. ಪ್ರಸ್ತಾಪವಾಗಿದ್ದು ಯಾವ ರೂಪದಲ್ಲಿ? ಪ್ರಶ್ನೆಯಾಗಿಯೋ, ಠರಾವಾಗಿಯೋ, ಬಜೆಟ್ಟಿನ ಬೇಡಿಕೆಯ ಮೇಲೋ, ಮಸೂದೆಯಾಗಿಯೋ? ಶಾಸನಸಭೆಯೊಳಗೆ ಒಂದೊಂದಕ್ಕೂ ಒಂದೊಂದು ಥರದ ಹಲ್ಲು. ಕೆಲವಕ್ಕೆ ಹಲ್ಲೇ ಇಲ್ಲ. ಇದನ್ನು ಅರಿಯೋಕೆ ಹಳೆಯ ಮುಂಬೈ ಶಾಸನ ಕೌನ್ಸಿಲ್ಲಿನ ಕಡೆ ಒಮ್ಮೆ ತಿರುಗಿ ನೋಡಬೇಕು.

1919ರ ಭಾರತ ಸರ್ಕಾರ ಕಾಯ್ದೆ ಲಂಡನ್ನಿನ ಅಧಿಕಾರದಲ್ಲಿ ಒಂದು ಚೂರನ್ನು ಮುರಿದು ಪ್ರಾಂತಗಳಿಗೆ ಕೊಟ್ಟಿತು. ಶಾಲೆ, ಆಸ್ಪತ್ರೆ, ಅಬಕಾರಿ, ಮುನಿಸಿಪಾಲಿಟಿಗಳು ‘ವರ್ಗಾಯಿಸಿದ’ ವಿಷಯಗಳಾಗಿ ಕೌನ್ಸಿಲ್ಲಿಗೆ ಉತ್ತರ ಹೇಳಬೇಕಾದ ಮಂತ್ರಿಗಳ ಕೈಗೆ ಬಂದವು. ಪೊಲೀಸು, ಕಂದಾಯ, ಹಣಕಾಸು ‘ಮೀಸಲು’ ವಿಷಯಗಳು. ಅವು ಗವರ್ನರನ ಕಡೆಯವರ ಹತ್ತಿರವೇ ಉಳಿದವು. (ಮೀಸಲಾತಿ ಅಂದರೆ ಮೂಗು ಮುರಿಯುವವರು ಗಮನಿಸಲಿ. ಆಗ ಮೀಸಲಾತಿ ಪಡೆದವನು ಬಿಳಿ ಸಾಹೇಬ.) ಮೀಸಲು ವಿಷಯದ ಹಣಕ್ಕೆ ಕೌನ್ಸಿಲ್ ಕತ್ತರಿ ಹಾಕಿದರೂ ಗವರ್ನರ್ ಸಹಿ ಹಾಕಿ ಅದನ್ನು ಮತ್ತೆ ಹೊಲಿಯಬಹುದಿತ್ತು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಸೀಮೆಯವರಿಗೂ ಆಗ ಇದೇ ಕೌನ್ಸಿಲ್ಲು.

ಸಭಾಸದನ ಕೈಯಲ್ಲಿ ಏನಿತ್ತು? ಮೊದಲೇ ನೋಟಿಸ್ ಕೊಟ್ಟು ಪ್ರಶ್ನೆ ಕೇಳಬಹುದು, ಉತ್ತರ ಬಂದ ಮೇಲೆ ಉಪಪ್ರಶ್ನೆ ಎಸೆಯಬಹುದು. ಅದರಿಂದ ಕಾನೂನು ಆಗೋದಿಲ್ಲ. ಆದರೆ ಸರ್ಕಾರ ಬಾಯಿಬಿಟ್ಟು ಒಂದು ಮಾತು ಹೇಳಿ ಅದನ್ನು ದಾಖಲೆಗೆ ಹಾಕಲೇಬೇಕು. ಇನ್ನು ಠರಾವು. ಅದು ಬರೀ ಶಿಫಾರಸು.

ಈ ಶಿಫಾರಸಿನ ಕಥೆಯನ್ನು ಹಾಸ್ಟೆಲ್ಲಿನ ಪ್ರತಿಯೊಬ್ಬ ಹುಡುಗನೂ ಬಾಯಿಪಾಠ ಮಾಡಬೇಕು. 1923ರ ಆಗಸ್ಟ್ 4ರಂದು ಎಸ್. ಕೆ. ಬೋಳೆ ಅವರ ಠರಾವು ಕೌನ್ಸಿಲ್ಲಿನಲ್ಲಿ ಪಾಸಾಯಿತು. ಸಾರ್ವಜನಿಕ ಹಣದಲ್ಲಿ ಕಟ್ಟಿದ, ನಡೆಸುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಕೋರ್ಟು, ದವಾಖಾನೆ ಎಲ್ಲವೂ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ಸೆಪ್ಟೆಂಬರ್ 11ಕ್ಕೆ ಸರ್ಕಾರ ಆಜ್ಞೆ ಹೊರಡಿಸಿತು. ಆ ಆಜ್ಞೆಯ ಜಾಣತನ ನೋಡಿ. ಸರ್ಕಾರದ್ದೇ ಆದ ಜಾಗಗಳಲ್ಲಿ ಅಧಿಕಾರಿಗಳು ಇದನ್ನು ಜಾರಿಗೆ ತರಬೇಕು, ಸರಿ. ಮುನಿಸಿಪಾಲಿಟಿ, ಲೋಕಲ್ ಬೋರ್ಡುಗಳ ಕೆರೆ ಬಾವಿಗಳಿಗೆ ಬಂದಾಗ? ಠರಾವನ್ನು ಒಪ್ಪುವುದು ಒಳ್ಳೆಯದೇ ಅಂತ ಯೋಚಿಸಿ ನೋಡಿ ಅಂತ ಕಲೆಕ್ಟರು ಅವರಿಗೆ ಸಲಹೆ ಕೊಡಬೇಕಂತೆ. ಸಭೆ ಸರ್ಕಾರಕ್ಕೆ ಶಿಫಾರಸು ಮಾಡಿತು, ಸರ್ಕಾರ ಕಲೆಕ್ಟರಿಗೆ ಹೇಳಿತು, ಕಲೆಕ್ಟರು ಪುರಸಭೆಗೆ ಬುದ್ಧಿ ಹೇಳಬೇಕು. ಕೇರಿಯ ಕೊಡ ಹಾಗೇ ಖಾಲಿ.

ಬೋಳೆಯವರು ಅಷ್ಟಕ್ಕೇ ಬಿಡಲಿಲ್ಲ. 1926ರ ಆಗಸ್ಟ್ 5ರಂದು ಇನ್ನೊಂದು ಠರಾವು ತಂದರು. ಮೊದಲಿನದನ್ನು ಪಾಲಿಸದ ಮುನಿಸಿಪಾಲಿಟಿ, ಬೋರ್ಡುಗಳಿಗೆ ಸರ್ಕಾರದ ಗ್ರಾಂಟು ಕೊಡಕೂಡದು. ಮೂರು ವರ್ಷದಲ್ಲಿ ಅವರು ‘ಬಿಟ್ಟುಕೊಡಿ’ ಎನ್ನುವುದರಿಂದ ‘ದುಡ್ಡು ಹಿಡೀರಿ’ ಎನ್ನುವುದಕ್ಕೆ ಬಂದಿದ್ದರು. ನನಗೆ ಕಂಡಂತೆ ಆ ಕೌನ್ಸಿಲ್ಲಿನ ಕಡತಗಳಲ್ಲಿ ಇದಕ್ಕಿಂತ ಬೆಲೆಯುಳ್ಳ ಪಾಠ ಕಡಿಮೆ.

ಮಹಾಡದ ಪುರಸಭೆ 1924ರಲ್ಲೇ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ತೀರ್ಮಾನ ಮಾಡಿತ್ತು. ಕಾಗದದ ಮೇಲೆ. ಬಾಬಾಸಾಹೇಬರು 1927ರ ಫೆಬ್ರವರಿಯಲ್ಲಿ ನಾಮಕರಣಗೊಂಡ ಸದಸ್ಯರಾಗಿ ಅದೇ ಕೌನ್ಸಿಲ್ಲಿಗೆ ಕಾಲಿಟ್ಟರು. ಮಾರ್ಚ್ 12ರಂದು ಶಿಕ್ಷಣದ ಬೇಡಿಕೆಯ ಚರ್ಚೆಯಲ್ಲಿ ಎದ್ದು ನಿಂತು ಲೆಕ್ಕ ಬಿಡಿಸಿಟ್ಟರು. ಈ ಪ್ರಾಂತದಲ್ಲಿ ತಲೆಗೆ 14 ಆಣೆ ಶಿಕ್ಷಣಕ್ಕೆ ಖರ್ಚು ಮಾಡ್ತೀರಿ, ಹೆಂಡದ ಬಾಬ್ತು ತಲೆಗೆ 2 ರೂಪಾಯಿಗೂ ಮೇಲೆ ವಸೂಲು ಮಾಡ್ತೀರಿ, ಕುಡಿಸಿ ಕಿತ್ತುಕೊಂಡಷ್ಟನ್ನಾದರೂ ಓದಿಗೆ ಹಾಕಿ ಅಂತ. ಮಂತ್ರಿ ಅಡಗಿಕೊಳ್ಳೋಕೆ ಅಲ್ಲಿ ಗವರ್ನರನ ಕೋಟಿರಲಿಲ್ಲ, ಎರಡೂ ಮಂತ್ರಿಗಳ ಕೈಗೆ ಬಂದ ವಿಷಯಗಳೇ. ಇದಾದ ಎಂಟೇ ದಿನಕ್ಕೆ, ಮಾರ್ಚ್ 20ರಂದು, ಸಾವಿರಾರು ಜನರ ಜೊತೆ ನಡೆದುಹೋಗಿ ಚವದಾರ್ ಕೆರೆಯ ನೀರು ಕುಡಿದರು.

ಅಂದರೆ ಅಲ್ಲಿ ಮುಟ್ಟಿದ್ದು ಕೌನ್ಸಿಲ್ಲಿನ ಠರಾವು, ಸರ್ಕಾರದ ಆಜ್ಞೆ, ಪುರಸಭೆಯ ತೀರ್ಮಾನ ಮೂರೂ ‘ಮುಟ್ಟಬಹುದು’ ಎಂದಿದ್ದ ನೀರನ್ನೇ. ಆದರೂ ದೊಣ್ಣೆ ಬಿತ್ತು. ಸಗಣಿ ಗಂಜಳದ ಕೊಡ ಸುರಿದು ಕೆರೆಯನ್ನು ‘ಶುದ್ಧ’ ಮಾಡಿದರು. ಅದೇ ವರ್ಷ ಆಗಸ್ಟ್ 4ರಂದು, ಬೋಳೆ ಠರಾವು ಪಾಸಾಗಿ ಸರಿಯಾಗಿ ನಾಲ್ಕು ವರ್ಷಕ್ಕೆ, ಪುರಸಭೆ ತನ್ನ ತೀರ್ಮಾನವನ್ನು ವಾಪಸು ಪಡೆಯಿತು. ಮುಂಬೈ ಹೈಕೋರ್ಟು ನಮ್ಮವರ ಕಡೆ ತೀರ್ಪು ಕೊಟ್ಟಿದ್ದು 1937ರಲ್ಲಿ.

ಮಸೂದೆಯ ಹಾದಿಯೂ ಹೂವಿನದಲ್ಲ. ಮಹಾರರನ್ನು ವತನದ ಬಿಟ್ಟಿ ಚಾಕರಿಯಿಂದ ಬಿಡಿಸೋಕೆ 1928ರಲ್ಲಿ ಬಾಬಾಸಾಹೇಬರು ಮಂಡಿಸಿದ ಮಸೂದೆ ಸೆಲೆಕ್ಟ್ ಕಮಿಟಿಗೆ ಹೋಗಿ ಬಂತು. 1929ರಲ್ಲಿ ಅವರೇ ಅದನ್ನು ಹಿಂತೆಗೆದುಕೊಂಡರು.

ಇವತ್ತಿನ ವಿಧಾನಸಭೆಯ ಮೇಲೆ ಗವರ್ನರನ ಆ ಕತ್ತರಿ ಇಲ್ಲ. 224 ಜನರಲ್ಲಿ ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರದವರೇ 36. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರ ಕೊಡಬೇಕು, ಉಪಪ್ರಶ್ನೆಗೂ ಬಾಗಬೇಕು. ಚುಕ್ಕೆ ಇಲ್ಲದ್ದಕ್ಕೆ ಬರಹದ ಉತ್ತರ. ‘ಮಾಡ್ತೀವಿ’ ಅಂದಿದ್ದನ್ನು ಬೆನ್ನು ಹತ್ತೋಕೆ ಭರವಸೆಗಳ ಸಮಿತಿ ಅಂತಲೇ ಒಂದಿದೆ. ಕಾಯ್ದೆಯ ಹಲ್ಲು ಎಂಥದ್ದು ಅಂತ ಬೇಕಾದರೆ 2013ರ ವಿಶೇಷ ಘಟಕ ಯೋಜನೆಯ ಕಾಯ್ದೆ ನೋಡಿ. ಎಲ್ಲರ ರಸ್ತೆಗೆ ಸುರಿದ ಹಣದಲ್ಲೂ ಒಂದು ಪಾಲನ್ನು ನಮ್ಮ ಲೆಕ್ಕಕ್ಕೇ ಬರೆಯೋಕೆ ಅದರ 7(ಡಿ) ದಾರಿ ಮಾಡಿಕೊಟ್ಟಿತ್ತು. ಬೀದಿಯಲ್ಲಿ ಎಷ್ಟು ಕೂಗಿದರೂ ಅದನ್ನು ಕೀಳೋಕೆ 2023ರಲ್ಲಿ ಸದನಕ್ಕೇ ತಿದ್ದುಪಡಿ ಬರಬೇಕಾಯಿತು. ಕೂಗದೆ ಇದ್ದಿದ್ದರೆ ಅದೂ ಬರುತ್ತಿರಲಿಲ್ಲ, ಆ ಮಾತು ಬೇರೆ.

ಆದ್ದರಿಂದ ಮುಂದಿನ ಅಧಿವೇಶನಕ್ಕೆ ಮುಂಚೆ ಪ್ರತಿ ಹಾಸ್ಟೆಲ್ಲಿನವರೂ ಕೂತು ಒಂದೊಂದು ಪ್ರಶ್ನೆ ಬರೆಯಿರಿ. ‘ಹಾಸ್ಟೆಲ್ಲಿನ ಸ್ಥಿತಿ ಹೇಗಿದೆ’ ಅಂತ ಬರೀಬೇಡಿ, ಅದಕ್ಕೆ ‘ಚೆನ್ನಾಗಿದೆ’ ಅಂತ ಉತ್ತರ ಬರುತ್ತೆ. ನಮ್ಮ ತಾಲ್ಲೂಕಿನ ಹಾಸ್ಟೆಲ್ಲುಗಳಿಗೆ ಈ ವರ್ಷ ಊಟದ ಬಾಬ್ತು ಎಷ್ಟು ಹಣ ಬಿಡುಗಡೆಯಾಯಿತು, ಯಾವ ತಿಂಗಳು, ಖರ್ಚಾಗದೆ ಉಳಿದದ್ದು ಎಷ್ಟು ಅಂತ ಬರೆಯಿರಿ. ನೋಟಿಸಿನ ದಿನ ಮೀರುವ ಮೊದಲೇ ನಿಮ್ಮ ಶಾಸಕರ ಕೈಗೆ ಕೊಡಿ. ಒಂದು ನಕಲು ನಿಮ್ಮಲ್ಲಿರಲಿ, ಇನ್ನೊಂದು ನಮಗೆ ಕಳಿಸಿ. ಯಾರು ಕೇಳಿದರು, ಯಾರು ಜೇಬಿನಲ್ಲಿಟ್ಟುಕೊಂಡರು ಅನ್ನುವುದನ್ನು ಹೆಸರಿನ ಸಮೇತ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.